ಅಕ್ಕನ ಮನೆಯಲ್ಲಿ ತಗ್ಗಿದ ದನಿ

ಅಕ್ಕನ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವರು ಭಾವ. ನಂಬಿದವನು ನಾನು. ನಂಬುವುದಕ್ಕೆ ಮುಂಚೆ ಒಂದು ವಾರ ನನ್ನನ್ನೇ ಅನುಮಾನಿಸಿಕೊಂಡಿದ್ದೆ, ಆದರೆ ಅದನ್ನು ನೆನೆದು ಸಮಾಧಾನಪಟ್ಟುಕೊಳ್ಳಲು ಈಗ ಆಗುತ್ತಿಲ್ಲ.

ತಿ. ನರಸೀಪುರದಲ್ಲಿ ಭಾವನಿಗೆ ಪಂಪ್‌ಸೆಟ್ಟಿನ ಬಿಡಿಭಾಗ, ಪೈಪು, ಔಷಧಿ ಹೊಡೆಯುವ ಡಬ್ಬ ಮಾರುವ ಅಂಗಡಿ ಇದೆ. ಸುಟ್ಟ ಮೋಟರುಗಳ ರಿಪೇರಿಯೂ ಅಲ್ಲೇ ನಡೆಯುತ್ತದೆ. ಅಂಗಡಿಯ ಹಿಂದಿನ ಬಾಗಿಲು ತೆರೆದರೆ ಮನೆ. ಆ ಮನೆಯ ನಡುಕೋಣೆಯಲ್ಲಿ ಅಕ್ಕ ಹೆಣ್ಣುಮಕ್ಕಳಿಗೆ ವಚನ ಹಾಡುವುದನ್ನು ಹೇಳಿಕೊಡುತ್ತಾಳೆ. ಮೊದಲು ಮಕ್ಕಳು ಸಂಜೆ ಮನೆಗೇ ಬಂದು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಪಾಠ ಕಂಪ್ಯೂಟರಿಗೆ ಹೋಯಿತು. ಶಾಲೆ ತೆರೆದ ಮೇಲೂ ಅದು ಅಲ್ಲೇ ಉಳಿಯಿತು. ಅಷ್ಟರಲ್ಲಿ ಮಕ್ಕಳು ಚದುರಿಹೋಗಿದ್ದರು. ಒಬ್ಬಳು ಹದಿನಾರು ಎಂಬ ಹಳ್ಳಿಯಲ್ಲಿ, ಒಬ್ಬಳು ಹೆಮ್ಮರಗಾಲದ ಅಜ್ಜಿಯ ಮನೆಯಲ್ಲಿ, ಉಳಿದವರು ಮೈಸೂರಿನ ಹಾಸ್ಟೆಲುಗಳಲ್ಲಿ.

ಆ ಕಂಪ್ಯೂಟರು ನಾನು ಬಳಸಿ ಬಿಟ್ಟದ್ದು. ನಂಜನಗೂಡಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ನನಗೆ, ಯಾವುದೇ ವಸ್ತುವಿನ ಒಳಗೇನಿದೆ ಎಂದು ನೋಡಲು ಬಿಡದ ಕಂಪನಿಗಳ ಮೇಲೆ ಮೊದಲಿನಿಂದಲೂ ಗುಮಾನಿ. ಹಾಗಾಗಿ ಅದಕ್ಕೆ ಲಿನಕ್ಸ್ ಹಾಕಿದ್ದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ. ಅಕ್ಕನಿಗೆ ಅದರಲ್ಲಿ ಬೇಕಾಗಿದ್ದದ್ದು ಒಂದೇ, ಮಕ್ಕಳ ಮುಖ ಕಾಣುವ ಮತ್ತು ದನಿ ಕೇಳುವ ಕಿಟಕಿ. ಅವಳ ಕೈಯಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಪಾಠ ನಡೆಯುವುದಿಲ್ಲ.

ಕಂಪ್ಯೂಟರಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ಒಬ್ಬೊಬ್ಬರ ದನಿ ಒಂದೊಂದು ಗಳಿಗೆಗೆ ಬಂದು ಸಂತೆಯಾಗುತ್ತದೆ. ಅದಕ್ಕೆ ಅಕ್ಕ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು. ಒಬ್ಬಳು ಹಾಡಬೇಕು, ಉಳಿದವರು ದನಿ ಮುಚ್ಚಿಕೊಂಡು ಕೇಳಬೇಕು. ಅಕ್ಕ ಕಣ್ಣು ಮುಚ್ಚಿ, ಬಲಗೈ ಮಂಡಿಯ ಮೇಲಿಟ್ಟು ತಾಳ ಹಾಕುತ್ತಾ ಕೂರುತ್ತಾಳೆ. ಹಾಡುವವಳು ಎಲ್ಲಾದರೂ ಜಾರಿದರೆ ಎಡಗೈಯ ತೋರುಬೆರಳು ಏಳುತ್ತದೆ. ಪರದೆಯ ಆಚೆ ಹುಡುಗಿ ನಿಲ್ಲಿಸುತ್ತಾಳೆ, ಹಿಂದಿನ ಸಾಲಿನಿಂದ ಮತ್ತೆ ಶುರುಮಾಡುತ್ತಾಳೆ. ಬೈಗುಳವಿಲ್ಲ, ವಿವರಣೆಯಿಲ್ಲ. ಆ ಬೆರಳೇ ಪಾಠ.

ಈ ವರ್ಷ ಬೇಸಿಗೆಯ ಕೊನೆಯಲ್ಲಿ ಆ ಬೆರಳು ಏಳುವುದು ಕಡಿಮೆಯಾಯಿತು. ಅಕ್ಕ ಮುಂದಕ್ಕೆ ಬಾಗಿ "ಗಟ್ಟಿಯಾಗಿ ಹಾಡಮ್ಮ" ಅನ್ನತೊಡಗಿದಳು. ಮಕ್ಕಳು ಕಿರುಚತೊಡಗಿದರು. ಕಿರುಚಿದರೆ ವಚನ ಎಲ್ಲಿ ಉಳಿಯುತ್ತದೆ? ಹದಿನಾರಿನ ಹುಡುಗಿಯ ತಾಯಿ ಅಂಗಡಿಗೆ ಪೈಪು ಕೊಳ್ಳಲು ಬಂದವರು, "ನಮ್ಮ ಮಗೀಗೆ ಗಂಟ್ಲು ಕಟ್ಕೊಂಡದೆ ಕಣ್ರೀ. ಟೀಚರ್‌ಗೆ ಕಿವಿ ಕೇಳಿಸಕಿಲ್ವಾ?" ಎಂದು ಭಾವನನ್ನೇ ಕೇಳಿಬಿಟ್ಟರು.

ಆ ಭಾನುವಾರ ನಾನು ಹೋದಾಗ ಊಟದ ಹೊತ್ತಿನಲ್ಲಿ ಭಾವ ಈ ಮಾತು ತೆಗೆದರು.

"ನಿಮ್ಮಕ್ಕಂಗೆ ಕಿವಿ ಮಂದ ಆಗ್ಬುಟ್ಟಿದೆ ಮೇಷ್ಟ್ರೇ. ನಾನು ಅಂಗಡಿಯಿಂದ ನಾಕು ಸಲ ಕರೆದ್ರೂ ಓ ಅನ್ನಲ್ಲ."

ಅಕ್ಕ ಸಾರು ಬಡಿಸುತ್ತಿದ್ದವಳು ಸೌಟು ನಿಲ್ಲಿಸಲಿಲ್ಲ. "ನಿಮ್ಮ ಮಾತು ಕೇಳಿಸ್ಕೊಳ್ಳದೇ ಇರೋದು ಕಿವಿ ದೋಷ ಅಂದ್ರೆ, ಅದು ಮದ್ವೆ ಆದ ವರ್ಷದಿಂದ್ಲೂ ಇದೆ ಬಿಡಿ."

"ನೋಡಿ, ಇದು ಮಾತ್ರ ಕೇಳಿಸ್ತದೆ."

"ಕಂಪ್ಯೂಟರ್ ದನೀನೇ ಸಣ್ಣಗೆ ಬರ್ತಿದೆ ಕಣೋ," ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನೀನೇ ಕೂತ್ಕೊಂಡು ನೋಡು. ಇವ್ರಿಗೆ ನನ್ನ ಕಿವಿ ಮೇಲೇ ಕಣ್ಣು."

ನೋಡಿದೆ. ಒಂದು ಹಾಡು ಹಾಕಿದೆ, ಅವಳು ಹೇಳಿದ್ದು ನಿಜವಾಗಿತ್ತು. ಪರದೆಯ ಮೂಲೆಯಲ್ಲಿ ದನಿಯ ಗೀಟು ತುದಿಯವರೆಗೆ ಏರಿತ್ತು, ಪೂರ್ತಿ ನೂರು. ಸ್ಪೀಕರಿನ ತಿರುಗುಣಿಯೂ ಪೂರ್ತಿ ತಿರುಗಿತ್ತು. ಬರುತ್ತಿದ್ದ ದನಿ ಮಾತ್ರ ಪಕ್ಕದ ಮನೆಯ ಟಿವಿಯಂತೆ ದೂರದ್ದು. ಈ ವ್ಯವಸ್ಥೆಯಲ್ಲಿ ಮೇಲೆ ಕಾಣುವ ಗೀಟಿನ ಕೆಳಗೆ ಇನ್ನೊಂದು ಪದರವಿದೆ. ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿ ತೆರೆದು, ಒಂದು ಪದ ಟೈಪು ಮಾಡಿದರೆ ಮಿಕ್ಸರ್ ಬರುತ್ತದೆ. ಅಲ್ಲಿ ದನಿ ಹಾದುಹೋಗುವ ಒಂದೊಂದು ದಾರಿಗೂ ಒಂದೊಂದು ಕಂಬ, ಥರ್ಮಾಮೀಟರಿನ ಪಾದರಸದ ಹಾಗೆ. ಉಳಿದ ಕಂಬಗಳು ತುಂಬಿದ್ದವು. ಸ್ಪೀಕರಿಗೆ ಹೋಗುವ 'ಫ್ರಂಟ್' ಎಂಬ ಕಂಬ ಮಾತ್ರ ಅರ್ಧಕ್ಕಿಂತ ಕೆಳಗೆ ಕೂತಿತ್ತು. ಬಾಣದ ಗುರುತಿನ ಕೀಲಿ ಒತ್ತಿ ಏರಿಸಿದೆ. ಕೋಣೆ ತುಂಬ ದನಿ ಬಂತು. ಅಕ್ಕ ಅಡುಗೆಮನೆಯಿಂದಲೇ "ಹಾಂ, ಇದು ಇದು" ಎಂದಳು.

ಹೊರಡುವಾಗ ಕಂಪ್ಯೂಟರನ್ನು ಮುಚ್ಚಲು ಕೈ ಹಾಕಿದೆ. ಅಕ್ಕ ತಡೆದಳು. ನಮ್ಮ ಮನೆಗಳಲ್ಲಿ, ಊರಿಗೆ ಹೊರಟವರ ಬೆನ್ನ ಹಿಂದೆ ಕಸ ಗುಡಿಸುವುದಿಲ್ಲ, ಉರಿಯುವುದನ್ನು ಆರಿಸುವುದಿಲ್ಲ. ಹೊರಡುವವರಂತೂ ಏನನ್ನೂ ಆರಿಸಿ ಹೋಗಬಾರದು. ಅಕ್ಕ ಈ ಪಟ್ಟಿಗೆ ಟ್ಯೂಬ್‌ಲೈಟು, ಫ್ಯಾನು, ಟಿವಿ, ಕಂಪ್ಯೂಟರು ಎಲ್ಲವನ್ನೂ ಸೇರಿಸಿಕೊಂಡಿದ್ದಾಳೆ.

"ಇರಲಿ ಬಿಡು. ನೀನು ಬಸ್ ಹತ್ತಿ ಸೇತುವೆ ದಾಟೋ ಹೊತ್ತಿಗೆ ನಾನೇ ಆರಿಸ್ತೀನಿ."

ಇಂಥದ್ದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಅಕ್ಕನ ಜೊತೆ ಇದಕ್ಕೆಲ್ಲ ವಾದ ಮಾಡುವುದನ್ನು ಎಂದೋ ಬಿಟ್ಟಿದ್ದೇನೆ. ಚಪ್ಪಲಿ ಹಾಕಿಕೊಂಡು ಹೊರಟೆ.

ಗುರುವಾರ ಪಾಠದ ದಿನ. ಅಕ್ಕನ ಫೋನು ಬಂತು. ದನಿ ಮತ್ತೆ ಸಣ್ಣಗಾಗಿದೆಯಂತೆ.

ಮುಂದಿನ ಭಾನುವಾರ ಹೋಗಿ ಮಿಕ್ಸರ್ ತೆರೆದೆ. ಫ್ರಂಟ್ ಕಂಬ ಹಿಂದಿನ ಜಾಗದಲ್ಲೇ, ಅರ್ಧಕ್ಕಿಂತ ಕೆಳಗೆ, ಏನೂ ನಡೆದೇ ಇಲ್ಲವೆಂಬಂತೆ ಕೂತಿತ್ತು.

ನಾನು ಏರಿಸಿದ್ದೆ. ಏರಿಸಿದ್ದೆನೆ? ಬಾಣದ ಕೀಲಿಯ ಮೇಲೆ ನನ್ನ ಬೆರಳು, ಏರುವ ಕಂಬ, ಅಡುಗೆಮನೆಯಿಂದ ಬಂದ ಅಕ್ಕನ ದನಿ, ಎಲ್ಲ ಕಣ್ಣ ಮುಂದೆ ಇತ್ತು. ಆದರೆ ಕಣ್ಣ ಮುಂದೆ ಇರುವುದು ಸಾಕ್ಷಿಯಲ್ಲ. ತರಗತಿಯಲ್ಲಿ ವರ್ಷವೂ ಮಕ್ಕಳಿಗೆ ನಾನೇ ಇದನ್ನು ಹೇಳುತ್ತೇನೆ. ಅದಕ್ಕೂ ಸ್ವಲ್ಪ ದಿನ ಹಿಂದೆ ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ತರಕಾರಿ ಕೊಂಡು, ನಡೆದುಕೊಂಡು ಮನೆಗೆ ಬಂದಿದ್ದೆ. ಮರುದಿನ ಬೆಳಗ್ಗೆ ಅಂಗಳದಲ್ಲಿ ಸ್ಕೂಟರ್ ಇಲ್ಲದ್ದು ನೋಡಿ ಕಳವಾಯಿತೆಂದು ಕೂಗಾಡಿದೆ. ಹೆಂಡತಿ, "ನೆನ್ನೆ ಅದರ ಮೇಲೆ ಬಂದ್ರಾ?" ಎಂದಷ್ಟೇ ಕೇಳಿದಳು. ಬಂದೆ ಎಂದೆ. ಗೇಟು ತೆಗೆದದ್ದು, ಸ್ಟ್ಯಾಂಡು ಹಾಕಿದ್ದು, ಎಲ್ಲ ನೆನಪಿದೆ ಎಂದೆ. ಸ್ಕೂಟರ್ ಬಸ್‌ಸ್ಟ್ಯಾಂಡಿನ ಹತ್ತಿರವೇ ಧೂಳು ಹೊದ್ದು ನಿಂತಿತ್ತು. ಹಾಗಾದರೆ ಗೇಟು ತೆಗೆದ ನೆನಪು ಯಾವ ದಿನದ್ದು? ನೂರು ದಿನ ಗೇಟು ತೆಗೆದವನಿಗೆ ನೂರೊಂದನೆಯ ದಿನ ತೆಗೆಯದಿದ್ದರೂ ನೆನಪು ಸಿದ್ಧವಾಗಿಯೇ ಇರುತ್ತದೆ.

ಹಾಗಾಗಿ ಆ ಭಾನುವಾರ ನನ್ನನ್ನೇ ಅನುಮಾನಿಸಿದೆ. ಬಹುಶಃ ಹೋದ ವಾರ ಬೇರೆ ಕಂಬವನ್ನು ಏರಿಸಿದ್ದೆನೇನೋ. ಈ ಸಲ ಗಮನವಿಟ್ಟು, ಹೆಸರು ಗಟ್ಟಿಯಾಗಿ ಓದಿ, ಕಂಬವನ್ನು ತುದಿಗೇರಿಸಿದೆ. ಭಾವನನ್ನು ಅಂಗಡಿಯಿಂದ ಕರೆದು ತೋರಿಸಿದೆ.

"ಭಾವ, ಇದು ಪೂರ್ತಿ ಏರಿದೆ. ನೋಡಿದ್ರಲ್ಲ?"

"ನಾನ್ಯಾಕೆ ಸಾಕ್ಷಿ? ಇದೇನು ಜಮೀನು ಅಳತೆನಾ ಮೇಷ್ಟ್ರೇ?"

"ಸುಮ್ನೆ ನೋಡಿ ಭಾವ."

"ನೋಡ್ದೆ ನೋಡ್ದೆ. ಏರ್ಯದೆ."

ಗುರುವಾರ ಅಕ್ಕ ಮತ್ತೆ ಫೋನು ಮಾಡಿ ಕೇಳಿಸುತ್ತಿಲ್ಲ ಎಂದಳು. ಈ ಬಾರಿ ನನಗೆ ಸಂಶಯವಿರಲಿಲ್ಲ. ನನ್ನ ನೆನಪಿಗೆ ಸಾಕ್ಷಿಯಿತ್ತು. ಯಂತ್ರ ಸರಿ, ನಾನು ಸರಿ, ಆದ್ದರಿಂದ ಕಿವಿ. ಕಪ್ಪು ಹಲಗೆಯ ಮೇಲೆ ಬರೆಯಬಹುದಾದಷ್ಟು ಚೊಕ್ಕವಾಗಿತ್ತು. ಇನ್ನೊಂದು ವಿಚಾರವೂ ಮನಸ್ಸಿನಲ್ಲಿ ಓಡಿತು. ಆ ಬೇಸಿಗೆಯಲ್ಲೇ ನಾನು ಕಂಪ್ಯೂಟರಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಿಕೊಟ್ಟಿದ್ದೆ. ದನಿ ಸಣ್ಣಗಾದದ್ದು ಅದಾದ ಮೇಲೋ, ಮುಂಚೆಯೋ? ಮುಂಚೆಯೇ, ಯುಗಾದಿಗೆ ಹೋದಾಗಲೇ ಅಕ್ಕ ಮುಂದಕ್ಕೆ ಬಾಗಿ ಕೇಳುತ್ತಿದ್ದಳು ಎಂದು ನನಗೆ ಚೆನ್ನಾಗಿ ನೆನಪಿತ್ತು.

"ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದೆ. "ಮೈಸೂರಿಗೆ ಹೋಗಿ ಒಂದ್ಸಲ ಕಿವಿ ತೋರಿಸಿಬಿಡೋಣ. ಅಮ್ಮಂಗೂ ಇದೇ ವಯಸ್ಸಿಗೆ ಶುರುವಾಗಿತ್ತಲ್ಲ."

ಅಕ್ಕ ಕೇಳಿದಳು. "ಅಮ್ಮಂಗಾ?"

"ಹೂಂ. ಹಿತ್ತಲ ಬಾಗಿಲಲ್ಲಿ ನಿಂತು ನಾವು ಕಿರುಚಬೇಕಾಗಿತ್ತಲ್ಲ."

"ಅದು ಚಿಕ್ಕಮ್ಮ ಕಣೋ. ಅಮ್ಮಂಗೆ ಕೊನೇವರೆಗೂ ಪಿಸುಮಾತು ಕೇಳಿಸ್ತಿತ್ತು."

ನಾನು ಒಪ್ಪಲಿಲ್ಲ. ಹಿತ್ತಲ ಬಾಗಿಲು, ಬಟ್ಟೆ ಒಗೆಯುವ ಕಲ್ಲು, ಬಾಗಿದ ಬೆನ್ನು, ನನ್ನ ಕೂಗು, ತಿರುಗದ ಮುಖ. ಆ ಮುಖ ತಿರುಗಿದರೆ ಯಾರದೆಂದು ಹೇಳಬಹುದಿತ್ತು. ನೆನಪಿನಲ್ಲಿ ಅದು ತಿರುಗುವುದೇ ಇಲ್ಲ. ಆದರೂ ಅಕ್ಕನಿಗೆ, "ನೀನು ಮರೆತಿದ್ದೀಯ," ಎಂದೆ. ಅಕ್ಕ, "ಇರಬಹುದಪ್ಪ," ಎಂದು ಫೋನಿಟ್ಟಳು.

ಶನಿವಾರ ಭಾವನ ಫೋನು ಬಂತು. ದನಿಯಲ್ಲಿ ತಮಾಷೆ ಇರಲಿಲ್ಲ. "ನಿಮ್ಮಕ್ಕ ಪಾಠ ನಿಲ್ಸವ್ಳೆ. ಮಕ್ಕಳ ಮನೆಗೆಲ್ಲ ಅವಳೇ ಫೋನ್ ಮಾಡಿ ಹೇಳ್ಬುಟ್ಳು, ನನ್ನ ಕಿವಿ ಸರಿಯಿಲ್ಲ, ನಿಮ್ಮ ಮಕ್ಕಳಿಗೆ ತಪ್ಪು ಕಲಿಸೋದು ಬೇಡ ಅಂತ. ಶ್ರುತಿಪೆಟ್ಟಿಗೇನ ಅಟ್ಟಕ್ಕೆ ಏರಿಸು ಅಂತ ಹಠ. ನಾನು ಏರಿಸ್ನಿಲ್ಲ. ನಾನೇನೋ ಉಡಾಫೆಗೆ ಅಂದ್ರೆ, ನೀವೂ ಸೇರ್ಕೊಂಡ್ರಲ್ಲ."

ಮರುದಿನ ಹೋದೆ. ಅಕ್ಕ ಎಂದಿನಂತೆ ಮಾತಾಡಿಸಿದಳು, ಕಾಫಿ ಕೊಟ್ಟಳು, ಕಂಪ್ಯೂಟರಿನ ಮಾತೆತ್ತಲಿಲ್ಲ. ಅದರ ಮೇಲೆ ಒಂದು ಟವೆಲ್ ಹೊದಿಸಿದ್ದಳು. ನಾನು ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದಳು. ಅದು ಹೊಸದು.

ಟವೆಲ್ ತೆಗೆದು ಕಂಪ್ಯೂಟರ್ ಹಾಕಿದೆ. ಮಿಕ್ಸರ್ ತೆರೆದೆ. ಭಾವನೂ ನಾನೂ ಕಂಡಿದ್ದ, ತುದಿಗೇರಿಸಿದ್ದ ಫ್ರಂಟ್ ಕಂಬ ಮತ್ತೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಅಕ್ಕ ಗುರುವಾರ ಕೇಳಿಸುತ್ತಿಲ್ಲ ಎಂದಾಗ ನಿಜವಾಗಿಯೂ ಕೇಳಿಸುವಂತಿರಲಿಲ್ಲ. ಕಂಬವನ್ನು ಏರಿಸಿದೆ, ಇನ್ನೇನು ಭಾವನನ್ನು ಕರೆಯಬೇಕು, ಕರೆಂಟು ಹೋಯಿತು. ಅದೇನು ವಿಶೇಷವಲ್ಲ, ಭಾನುವಾರ ಮಧ್ಯಾಹ್ನ ಆ ಬೀದಿಯಲ್ಲಿ ಹೋಗುತ್ತಲೇ ಇರುತ್ತದೆ. ಪರದೆ ಕಪ್ಪಾಯಿತು. ಅಂಗಡಿಯ ಕಡೆಯಿಂದ ಮೋಟರ್ ಸುತ್ತುವ ಸದ್ದೂ ನಿಂತಿತು. ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಾಕಿದೆ, ಮಿಕ್ಸರ್ ತೆರೆದೆ. ಕಣ್ಣೆದುರಿಗೇ ಏರಿಸಿದ್ದ ಕಂಬ, ಯಾರೂ ಮುಟ್ಟದೆ, ಇಳಿದು ಕೂತಿತ್ತು.

ಆಗ ತಿಳಿಯಿತು. ಈ ಕಂಬಗಳ ಮಟ್ಟವನ್ನು ವ್ಯವಸ್ಥೆ ಬರೆದಿಟ್ಟುಕೊಳ್ಳುವುದು ಕಂಪ್ಯೂಟರನ್ನು ಕ್ರಮವಾಗಿ, ಮೆನುವಿನಿಂದ ಮುಚ್ಚುವ ಗಳಿಗೆಯಲ್ಲಿ. ಕರೆಂಟು ಕಿತ್ತುಕೊಂಡರೆ ಬರೆಯಲು ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಮುಂದಿನ ಸಲ ಎದ್ದಾಗ ಹಿಂದೆಂದೋ ಬರೆದಿಟ್ಟ ಮಟ್ಟಕ್ಕೇ ಮರಳುತ್ತದೆ. ಹೊಸ ಆವೃತ್ತಿ ಹಾಕಿದ ದಿನ ಅದು ತಾನಾಗಿಯೇ ಹಿಡಿದುಕೊಂಡ ತಗ್ಗಿದ ಮಟ್ಟ ಅದು. ಅಂದರೆ ದನಿ ಸಣ್ಣಗಾದದ್ದು ನಾನು ಹೊಸತನ್ನು ಹಾಕಿದ ಮೇಲೆಯೇ. ಯುಗಾದಿಯಂದು ಅಕ್ಕ ಬಾಗಿ ಕೇಳುತ್ತಿದ್ದ ಚಿತ್ರ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

"ಅಕ್ಕಾ, ಇದನ್ನ ಹೆಂಗೆ ಆರಿಸ್ತೀಯ?"

ಅಕ್ಕ ಎದ್ದು ಹೋಗಿ ಗೋಡೆಯ ಬೋರ್ಡಿನ ಸ್ವಿಚ್ಚನ್ನು ಟಕ್ಕೆಂದು ಇಳಿಸಿದಳು. ಪರದೆ ಕಪ್ಪಾಯಿತು. "ಹಿಂಗೆ. ಟಿವಿ ಆರಿಸಲ್ವಾ, ಹಂಗೇ."

ಬಾಗಿಲಿಗೆ ಬಂದು ನಿಂತಿದ್ದ ಭಾವ ಅದನ್ನು ನೋಡಿ ತಲೆದೂಗಿದರು. "ನಾನೇ ಹೇಳಿರೋದು. ದಿನಾ ಸುಟ್ಟ ಮೋಟರು ನೋಡೋನು ನಾನು. ಬೋರ್ಡಲ್ಲಿ ಆರಿಸ್ದಿದ್ರೆ ಅದು ಆರಿಸಿದಂಗೇ ಅಲ್ಲ."

"ಮೆನುವಿನಿಂದ ಮುಚ್ಚಬೇಕು ಅಂತ ಮೊದಲ ದಿನವೇ ತೋರಿಸಿದ್ದೆನಲ್ಲ ಅಕ್ಕಾ. ನೀನು ಕೈ ಒರೆಸ್ಕೊಳ್ತಾ ಇಲ್ಲೇ ನಿಂತಿದ್ದೆ."

"ನನಗೆ ನೀನು ತೋರಿಸ್ಲಿಲ್ಲ ಕಣೋ. ಇವ್ರಿಗೇನಾದ್ರೂ ತೋರಿಸಿದ್ಯೋ ಏನೋ."

"ನನಗಾ? ನಾನು ಆವತ್ತು ಅಂಗಡಿ ಬಿಟ್ಟು ಒಳಗೇ ಬಂದಿಲ್ಲ," ಎಂದರು ಭಾವ.

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಆದರೆ ಅವಳು ದಿನವೂ ಒರೆಸಿಕೊಳ್ಳುತ್ತಾಳೆ.

ಮಾಡಬೇಕಾದ್ದು ಕಷ್ಟದ್ದಾಗಿರಲಿಲ್ಲ. ಕಂಬವನ್ನು ಏರಿಸಿ, ಈಗಿನ ಮಟ್ಟವನ್ನು ಈಗಲೇ ಬರೆದಿಡು ಎಂದು ವ್ಯವಸ್ಥೆಗೆ ಹೇಳುವ ಒಂದು ಸಾಲಿನ ಆಜ್ಞೆ ಇದೆ. ಅದನ್ನು ಕೊಟ್ಟು, ಗುಪ್ತಪದ ಹಾಕಿ, ನಾನೇ ಎದ್ದು ಗೋಡೆಯ ಸ್ವಿಚ್ಚು ಇಳಿಸಿದೆ. ಮತ್ತೆ ಹಾಕಿದೆ. ಕಂಬ ತುದಿಯಲ್ಲೇ ನಿಂತಿತ್ತು. ಇನ್ನೊಮ್ಮೆ ಇಳಿಸಿದೆ, ಹಾಕಿದೆ. ನಿಂತಿತ್ತು. ನಾಲ್ಕನೆಯ ಸಲಕ್ಕೆ ಭಾವ, "ಸಾಕು ಬಿಡಿ, ಸುಟ್ಟೋದ್ರೆ ಕಾಯಿಲ್ ಸುತ್ತಿಕೊಡಕ್ಕೆ ನನಗೆ ಬರಕಿಲ್ಲ," ಎಂದರು.

"ನಿನ್ನ ಕಿವಿ ಸರಿಯಾಗಿದೆ ಅಕ್ಕಾ. ಯಂತ್ರದ್ದೇ ತಪ್ಪು," ಎಂದೆ.

"ಹೋದ ವಾರ ಯಂತ್ರ ಸರಿಯಾಗಿದೆ, ನಿನ್ನ ಕಿವಿದೇ ತಪ್ಪು ಅಂದ್ಯಲ್ಲೋ."

"ಆವಾಗ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅಂತ ಅನ್ಲಿಲ್ಲ ನೀನು. ಅಮ್ಮನ್ನೂ ಸೇರಿಸಿ ಹೇಳ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಎರಡು ರಾತ್ರಿ ಯೋಚ್ನೆ ಮಾಡ್ದೆ. ಅಮ್ಮನೋ ಚಿಕ್ಕಮ್ಮನೋ ನನಗೂ ಈಗ ಸರಿಯಾಗಿ ಬರ್ತಿಲ್ಲ. ನೀನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಬಟ್ಟೆ ಕಲ್ಲಿನ ಹತ್ರ ಅಮ್ಮನ ಮುಖಾನೇ ಕಾಣ್ತದೆ."

ನನ್ನ ನೆನಪು ಸುಳ್ಳಿರಬಹುದು ಎನ್ನುವುದಕ್ಕೆ ಈಗ ನನ್ನ ಬಳಿ ಸಾಕಷ್ಟು ಕಾರಣಗಳಿದ್ದವು. ಅವಳದು ಮಾತ್ರ ಮೊನ್ನೆಯವರೆಗೆ ಸರಿಯಾಗಿದ್ದಿರಬೇಕು. ಅದನ್ನು ಕೆಡಿಸಿ ಬಂದವನೇ ಮತ್ತೆ ನಿನ್ನದೇ ಸರಿ ಎಂದರೆ ಅವಳು ಯಾಕೆ ನಂಬಬೇಕು? ಅಮ್ಮನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಕೇಳಬಹುದಾದ ಮೂರನೆಯವರು ಯಾರೂ ಉಳಿದಿಲ್ಲ.

ಮಕ್ಕಳ ಮನೆಗಳಿಗೆ ಭಾವನೇ ಫೋನು ಮಾಡಿ ಕಂಪ್ಯೂಟರ್ ಕೆಟ್ಟಿತ್ತು, ಈಗ ಸರಿಹೋಗಿದೆ, ಪಾಠ ಇದೆ ಎಂದು ಹೇಳಿದರು. ಅಕ್ಕ ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. "ಗುರುವಾರ ನೀನೂ ಬಾ," ಎಂದಳು ನನಗೆ. ಇದುವರೆಗೆ ಪಾಠದ ಹೊತ್ತಿಗೆ ಆ ಕೋಣೆಯಲ್ಲಿ ಯಾರಾದರೂ ಬಂದು ಕೂರುವುದು ಅವಳಿಗೆ ಆಗುತ್ತಿರಲಿಲ್ಲ.

ಕಾಲೇಜು ಮುಗಿಸಿ ಬಸ್ಸು ಹಿಡಿದು ಹೋದೆ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಪರದೆಯ ಮೇಲೆ ಒಂದೊಂದೇ ಮುಖ ಮೂಡಿತು. "ಟೀಚರ್, ಕೇಳಿಸ್ತಿದ್ಯಾ?" ಎಂದು ಹದಿನಾರಿನ ಹುಡುಗಿ ಅಭ್ಯಾಸದಂತೆ ಕಿರುಚಿದಳು. ಸ್ಪೀಕರ್ ಅದುರಿತು. ಅಕ್ಕ, "ಕಿರುಚಬೇಡಮ್ಮ, ಕೇಳಿಸ್ತದೆ," ಎಂದಳು. ಅಂಗಡಿಯ ಕಡೆಯಿಂದ ಭಾವನ ಕೂಗು ಬಂತು. "ಇಲ್ಲಿ ಗಿರಾಕಿ ಏನು ಕೇಳ್ತಾವ್ನೆ ಅಂತ ಗೊತ್ತಾಯ್ತಿಲ್ಲ, ವಸಿ ತಗ್ಗಿಸ್ರಪ್ಪ."

ಮೊದಲಿಬ್ಬರು ಹಾಡಿದರು. ಬೆರಳು ಒಂದೆರಡು ಸಲ ಎದ್ದಿತು, ಮಕ್ಕಳು ನಿಲ್ಲಿಸಿ ತಿದ್ದಿಕೊಂಡರು. ಮೂರನೆಯವಳು ಹೆಮ್ಮರಗಾಲದ ಹುಡುಗಿ, ಆ ಗುಂಪಿನಲ್ಲಿ ಚೆನ್ನಾಗಿ ಹಾಡುವವಳು ಅವಳೇ ಎಂದು ಅಕ್ಕ ಹೇಳುತ್ತಿರುತ್ತಾಳೆ. ಎರಡನೆಯ ಸಾಲಿನ ನಡುವೆ ಅಕ್ಕನ ಬೆರಳು ಎದ್ದಿತು. ಹುಡುಗಿ ನಿಲ್ಲಿಸಿದಳು, ಆದರೆ ಹಿಂದಿನ ಸಾಲಿಗೆ ಹೋಗಲಿಲ್ಲ.

"ಸರಿಯಾಗೇ ಹಾಡಿದ್ನಲ್ಲಾ ಟೀಚರ್?"

ಕೇಳಿದ್ದರಲ್ಲಿ ಉದ್ಧಟತನವಿರಲಿಲ್ಲ. ಟೀಚರ್ ಕಿವಿ ಸರಿಯಿಲ್ಲ ಎಂದು ಟೀಚರೇ ಮನೆಗೆ ಫೋನು ಮಾಡಿ ಹೇಳಿದ್ದರು. ಮಗು ತಿಳಿದುಕೊಳ್ಳಲು ಕೇಳಿತು, ಅಷ್ಟೆ.

ಮೊದಲಾಗಿದ್ದರೆ ಬೆರಳು ಹಾಗೇ ನಿಂತಿರುತ್ತಿತ್ತು. ಹುಡುಗಿ ಮತ್ತೆ ಹಾಡುವವರೆಗೆ ಅಕ್ಕ ಕಣ್ಣನ್ನೂ ತೆರೆಯುತ್ತಿರಲಿಲ್ಲ. ಈಗ ಕಣ್ಣು ತೆರೆದಳು. ಬೆರಳು ಅರ್ಧ ಮಡಿಚಿತು. ತಿರುಗಿ ನನ್ನ ಮುಖ ನೋಡಿದಳು.

ನನಗೆ ಶ್ರುತಿ ತಿಳಿಯುವುದಿಲ್ಲ, ಅದು ಅವಳಿಗೂ ಗೊತ್ತು. ಹುಡುಗಿ ಜಾರಿದಳೆ? ಆಗತಾನೆ ಕೇಳಿದ ಸಾಲನ್ನು ಮನಸ್ಸಿನಲ್ಲಿ ಮತ್ತೆ ತರಲು ನೋಡಿದೆ. ಒಮ್ಮೆ ಸರಿಯಾಗಿ ಬಂತು, ಇನ್ನೊಮ್ಮೆ ಜಾರಿದ ಹಾಗೆ ಬಂತು. ನಾನು ತರಲು ಹೊರಟ ಹಾಗೆಯೇ ಅದು ಬರುತ್ತಿತ್ತು.

"ನೀನು ಹೇಳಿದ್ದೇ ಸರಿ ಅಕ್ಕಾ," ಎಂದೆ.

ಅವಳು ಪರದೆಯ ಕಡೆ ತಿರುಗಿ, "ಇನ್ನೊಂದು ಸಲ ಹಾಡಮ್ಮ, ನಾನು ಸರಿಯಾಗಿ ಕೇಳಿಸ್ಕೊಳ್ತೀನಿ," ಎಂದಳು. ಮೇಜಿನ ಮೇಲಿದ್ದ ಸ್ಪೀಕರನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಕಿವಿಯಿಟ್ಟಳು. ಹುಡುಗಿಯ ದನಿ ಅಂಗಡಿಯನ್ನೂ ದಾಟಿ ಬೀದಿಯವರೆಗೆ ಕೇಳುತ್ತಿತ್ತು.